ನಲವತ್ತೊಂದರಲ್ಲಿ ನರ್ಸಿಂಗ್: ರಾಜೀನಾಮೆ ಕೊಡುವ ಮೊದಲು

ಪ್ರಶ್ನೆ: ನನಗೆ 41 ವರ್ಷ. ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ 17 ವರ್ಷದಿಂದ ಇದ್ದೇನೆ. ಕಾಯಂ ಕೆಲಸ, ಸಂಬಳಕ್ಕೆ ತೊಂದರೆಯಿಲ್ಲ, ಮುಂದೆ ಪಿಂಚಣಿಯೂ ಇದೆ. ಕಳೆದ ವರ್ಷ ಅಪ್ಪ ಮೂರು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅಲ್ಲಿನ ನರ್ಸ್‌ಗಳನ್ನು ನೋಡಿದ ಮೇಲೆ ನನಗೆ ಆಫೀಸಿನ ಕುರ್ಚಿಯಲ್ಲಿ ಕೂರಲು ಆಗುತ್ತಿಲ್ಲ. ನಾನೂ ನರ್ಸ್ ಆಗಬೇಕು ಅನಿಸುತ್ತಿದೆ. ಗಂಡ ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ’ ಅನ್ನುತ್ತಾರೆ. ಮಕ್ಕಳಿಗೆ 14 ಮತ್ತು 10 ವರ್ಷ. ವಿಜ್ಞಾನ ಓದಿ ಇಪ್ಪತ್ತು ವರ್ಷದ ಮೇಲಾಯಿತು. ಚಿಕ್ಕ ಹುಡುಗಿಯರ ಜೊತೆ ಕೂತು ಕಲಿತು, ಆಮೇಲೆ ನನಗಿಂತ ಚಿಕ್ಕವರ ಕೈಕೆಳಗೆ ಕೆಲಸ ಮಾಡಲು ಆಗುತ್ತದಾ? ಆಗಾಗ ಬೆನ್ನು ನೋವೂ ಬರುತ್ತದೆ. ನರ್ಸ್‌ಗಳಿಗೆ ಎಲ್ಲೆಲ್ಲೂ ಬೇಡಿಕೆ ಇರುವುದರಿಂದ ಕೆಲಸ ಸಿಗುವ ಚಿಂತೆಯಂತೂ ಇಲ್ಲ, ಅಲ್ವಾ? ರಾಜೀನಾಮೆ ಪತ್ರ ಬರೆದಿಟ್ಟಿದ್ದೇನೆ. ಇನ್ನೂ ಕೊಟ್ಟಿಲ್ಲ.

ಉತ್ತರ: ಕೊಡದೆ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಇನ್ನೂ ಸ್ವಲ್ಪ ಕಾಲ ಅದು ಅಲ್ಲೇ ಇರಲಿ. ನೀವು ನರ್ಸ್ ಆಗಬಾರದು ಎಂದು ನಾನು ಹೇಳುತ್ತಿಲ್ಲ. ನಿಮ್ಮ ವಯಸ್ಸಿನಲ್ಲಿ ಬಂದು ಬಹಳ ಒಳ್ಳೆಯ ನರ್ಸ್‌ಗಳಾದವರಿಗೆ ನಾನೇ ಪಾಠ ಮಾಡಿದ್ದೇನೆ. ಬಂದು, ಕಷ್ಟಪಟ್ಟು ಕೋರ್ಸ್ ಮುಗಿಸಿ, ಒಂದು ವರ್ಷವೂ ನಿಲ್ಲದೆ ಹೋದವರನ್ನೂ ನೋಡಿದ್ದೇನೆ. ಇವರಿಬ್ಬರ ನಡುವಿನ ವ್ಯತ್ಯಾಸ ವಯಸ್ಸಿನದ್ದಾಗಿರಲಿಲ್ಲ. ಮೊದಲನೆಯವರು ಕೆಲಸ ಬಿಡುವ ಮೊದಲೇ ವಾರ್ಡ್ ಹೇಗಿರುತ್ತದೆ ಎಂದು ನೋಡಿಕೊಂಡು ಬಂದಿದ್ದರು. ಎರಡನೆಯವರು ಬಿಟ್ಟ ಮೇಲೆ ನೋಡಿದರು.

ನಿಮ್ಮ ಪತ್ರದಲ್ಲಿ ತುಂಬಾ ಪ್ರಶ್ನೆಗಳಿದ್ದರೂ ಮೂಲದಲ್ಲಿ ಇರುವುದು ಎರಡೇ. ನನ್ನ ಕೈಲಿ ಆಗುತ್ತದಾ? ಇರುವುದನ್ನು ಬಿಟ್ಟರೆ ಮೂರ್ಖಳಾಗುತ್ತೇನಾ? ನೀವು ಕೇಳದೇ ಇರುವ ಇನ್ನೊಂದು ಪ್ರಶ್ನೆ ಇದೆ. ನನಗೆ ಅದೇ ಮುಖ್ಯ ಅನಿಸುತ್ತದೆ, ಅಲ್ಲಿಂದಲೇ ಶುರು ಮಾಡುತ್ತೇನೆ: ನೀವು ನೋಡಿದ್ದು ನರ್ಸ್ ಕೆಲಸದ ಎಷ್ಟು ಭಾಗ?

ನೀವು ಮೂರು ವಾರ ಒಂದು ಹಾಸಿಗೆಯ ಪಕ್ಕ ಕೂತಿದ್ದಿರಿ. ನರ್ಸ್ ಬಂದರು, ಬಿಪಿ ನೋಡಿದರು, ಡ್ರಿಪ್ ಬದಲಿಸಿದರು, ನಿಮ್ಮ ತಂದೆಯ ಜೊತೆ ಎರಡು ಮಾತಾಡಿದರು, ಹೋದರು. ಆ ಎರಡು ಮಾತು ನಿಮ್ಮ ಮನಸ್ಸಿನಲ್ಲಿ ಉಳಿದಿದೆ, ಉಳಿಯಬೇಕಾದದ್ದೇ. ಆದರೆ ಅವರು ಹೋದದ್ದು ಎಲ್ಲಿಗೆ? ಬೇರೆ ಏಳೆಂಟು ಹಾಸಿಗೆಗಳಿಗೆ. ಒಂದು ಕಡೆ ಆಪರೇಷನ್‌ಗೆ ಕಳಿಸಬೇಕು, ಇನ್ನೊಂದು ಕಡೆ ಡಿಸ್ಚಾರ್ಜ್ ಕಾಗದ. ಒಬ್ಬರಿಗೆ ಬೆಡ್‌ಪ್ಯಾನ್ ತಕ್ಷಣ ಬೇಕು, ಇನ್ನೊಬ್ಬರ ಮಗ ಡಾಕ್ಟರ್ ಯಾಕೆ ಬಂದಿಲ್ಲ ಎಂದು ಕೂಗಾಡುತ್ತಿದ್ದಾನೆ. ಆ್ಯಂಟಿಬಯೋಟಿಕ್ ಹೊತ್ತು ಮೀರುತ್ತಿದೆ. ಇದರ ಮಧ್ಯೆ ಫೋನು.

ಹೊರಗಿನಿಂದ ನೋಡುವವರು ನರ್ಸಿಂಗ್ ಎಂದರೆ ಸೇವೆ, ಮಮತೆ ಅನ್ನುತ್ತಾರೆ. ಒಳಗಿನವರನ್ನು ಕೇಳಿದರೆ ಗಮನಿಸುವುದು ಅನ್ನುತ್ತಾರೆ. ನಿಮಿಷಕ್ಕೆ 16 ಇದ್ದ ಉಸಿರಾಟ ಈಗ 24 ಆಗಿದೆ. ರೋಗಿ ‘ಚೆನ್ನಾಗಿದ್ದೇನೆ’ ಅನ್ನುತ್ತಿದ್ದಾರೆ, ಬಿಪಿಯೂ ಸರಿಯಾಗಿದೆ. ಆದರೂ ಇಲ್ಲಿ ಏನೋ ಕೆಡುತ್ತಿದೆ ಎಂದು ಗುರುತಿಸಿ, ಡಾಕ್ಟರಿಗೆ ಫೋನ್ ಮಾಡಿ, ಅವರು ‘ಆಮೇಲೆ ನೋಡೋಣ’ ಅಂದರೂ ಬಿಡದೆ ಕರೆಸುವುದು ನರ್ಸ್ ಕೆಲಸ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಇದಕ್ಕೆಂದೇ ಒಂದು ಅಂಕಪದ್ಧತಿ ತಂದಿತು. ಉಸಿರಾಟ, ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಜ್ವರ ಎಲ್ಲದಕ್ಕೂ ಅಂಕ ಕೊಡುತ್ತಾರೆ. ಒಟ್ಟು 5 ಮುಟ್ಟಿದರೆ ತುರ್ತಾಗಿ ನೋಡಬೇಕು, 7 ಆದರೆ ಎಲ್ಲ ಬಿಟ್ಟು ಓಡಿ ಬರಬೇಕು. ನಿಮ್ಮ ತಂದೆಯ ಕೈ ಹಿಡಿದ ನರ್ಸ್ ಅದೇ ಹೊತ್ತಿಗೆ ಅವರ ಉಸಿರನ್ನೂ ಎಣಿಸುತ್ತಿದ್ದಿರಬಹುದು. ಅದು ನಿಮಗೆ ಕಂಡಿರುವುದಿಲ್ಲ.

ಆಮೇಲೆ ಬರವಣಿಗೆ. ಕೊಟ್ಟ ಔಷಧಿ, ಹೋದ ಮೂತ್ರ, ಹೇಳಿದ ಮಾತು ಎಲ್ಲ ಬರೆಯಬೇಕು. ‘ಬರೆದಿಲ್ಲ ಅಂದರೆ ಮಾಡಿಲ್ಲ’ ಎಂದು ನಮ್ಮಲ್ಲಿ ಹೇಳುತ್ತಾರೆ. ಕಡತ, ಫಾರಂಗಳಿಂದ ಬೇಸತ್ತು ನರ್ಸಿಂಗ್‌ಗೆ ಬರುವವರಿಗೆ ಇದು ಸ್ವಲ್ಪ ಕಹಿ ಸುದ್ದಿ.

ತಂದೆಯ ಸಾವಿನ ವಿಷಯ ಎತ್ತಲೇಬೇಕಾಗಿದೆ, ತಪ್ಪು ತಿಳಿಯಬೇಡಿ. ಹತ್ತಿರದವರು ತೀರಿಕೊಂಡ ಮೇಲೆ ನಡುವಯಸ್ಸಿನಲ್ಲಿ ನರ್ಸಿಂಗ್‌ಗೆ ಬರುವವರು ಬಹಳ. ಅದು ಕೆಟ್ಟ ಕಾರಣವಲ್ಲ. ಆದರೆ ದುಃಖ ಹೊಸದಾಗಿದ್ದಾಗ ಕೃತಜ್ಞತೆಗೂ ವೃತ್ತಿಯ ಆಸೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲ ಸಲ ನಿಮ್ಮ ತಂದೆಯ ವಯಸ್ಸಿನ, ಅದೇ ಕಾಯಿಲೆಯ ರೋಗಿ ಬಂದಾಗ ಕೈ ನಡುಗುತ್ತದೆ. ನಿಮ್ಮನ್ನೇ ನೀವು ಎರಡು ಪ್ರಶ್ನೆ ಕೇಳಿಕೊಳ್ಳಿ. ಈಗಿನ ಆಫೀಸಿನಲ್ಲಿ ವಿಭಾಗ ಬದಲಾಗಿ, ಇನ್ನೂ ಒಳ್ಳೆಯ ಮೇಲಧಿಕಾರಿ ಸಿಕ್ಕರೂ ಈ ಆಸೆ ಉಳಿಯುತ್ತದಾ? ಥ್ಯಾಂಕ್ಸ್ ಹೇಳದ, ಬೈಯುವ, ನಿಮ್ಮ ಮೇಲೆ ವಾಂತಿ ಮಾಡಿಕೊಳ್ಳುವ ರೋಗಿಗೂ ಇದೇ ಕೆಲಸ ಮಾಡಲು ಮನಸ್ಸಿದೆಯಾ? ಎರಡಕ್ಕೂ ಹೌದು ಅನ್ನುವುದಾದರೆ ಮುಂದೆ ಓದಿ. ಮೊದಲನೆಯದಕ್ಕೆ ಇಲ್ಲ ಎಂದಾದರೆ ನಿಮಗೆ ಬೇಕಾಗಿರುವುದು ಬೇರೆ ಆಫೀಸು.

ಕಲಿಯಲು ವಯಸ್ಸಾಯಿತು ಎಂಬ ಭಯಕ್ಕೆ ಜಾಸ್ತಿ ಜಾಗ ಕೊಡುವುದಿಲ್ಲ. ಬಾಯಿಪಾಠ ಮೊದಲಿಗಿಂತ ನಿಧಾನವಾಗುತ್ತದೆ, ನಿಜ. ಅಂಗರಚನೆಯ ಹೆಸರುಗಳನ್ನು ಹತ್ತೊಂಬತ್ತರ ಹುಡುಗಿ ಒಂದು ಸಂಜೆಯಲ್ಲಿ ಮುಗಿಸಿದರೆ ನಿಮಗೆ ನಾಲ್ಕು ಸಂಜೆ ಬೇಕಾಗಬಹುದು. ಆದರೆ ರೋಗಿ ಸುಮ್ಮನಾಗಿದ್ದು ನಿದ್ದೆಯಿಂದಲೋ ಹೆದರಿಕೆಯಿಂದಲೋ ಎಂದು ನಿಮಗೆ ಬೇಗ ಹೊಳೆಯುತ್ತದೆ. ಔಷಧಿ ಲೆಕ್ಕದಲ್ಲಂತೂ ನೀವೇ ಮುಂದೆ. 1000 ಮಿಲಿ ದ್ರವ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ ಮಿಲಿಗೆ 20 ಹನಿಯದ್ದು, ನಿಮಿಷಕ್ಕೆ ಎಷ್ಟು ಹನಿ? ಸುಮಾರು 42. ಇದರಲ್ಲಿ ಒದ್ದಾಡುವ ವಿದ್ಯಾರ್ಥಿಗಳನ್ನು ನೋಡಿ ನಿಮಗೆ ನಗು ಬಂದೀತು. ರಕ್ತ ಕಂಡರೆ ತಲೆ ಸುತ್ತುವುದೂ ಬಹುಪಾಲು ಜನರಿಗೆ ಮೊದಲ ಕೆಲವು ವಾರಗಳ ಮಾತು. ವಯಸ್ಸಾದ ವಿದ್ಯಾರ್ಥಿಗಳು ಎಡವುವುದು ಪಾಠದಲ್ಲಲ್ಲ, ಹೊತ್ತಿನಲ್ಲಿ. ಬೆಳಿಗ್ಗೆ ವಾರ್ಡ್ ಪೋಸ್ಟಿಂಗ್, ಮಧ್ಯಾಹ್ನ ಕ್ಲಾಸ್, ರಾತ್ರಿ ಮಕ್ಕಳ ಹೋಂವರ್ಕ್, ಆಮೇಲೆ ಕೇಸ್ ಸ್ಟಡಿ. ಮನೆಯಲ್ಲಿ ಯಾರಾದರೂ ಆ ಹೊತ್ತಿನ ಒಂದು ಪಾಲು ಹೊರದಿದ್ದರೆ ಎಂಥ ಬುದ್ಧಿವಂತರಿಗೂ ಕಷ್ಟ.

ವಯಸ್ಸಿನ ಮಾತು ಬಂದಾಗ ಎಲ್ಲರೂ ಕ್ಲಾರಾ ಬಾರ್ಟನ್ ಕಥೆ ಹೇಳುತ್ತಾರೆ. ವಾಷಿಂಗ್ಟನ್‌ನ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು, 1861ರಲ್ಲಿ ಅಂತರ್ಯುದ್ಧ ಶುರುವಾದಾಗ 39ರ ವಯಸ್ಸಿನಲ್ಲಿ ಗಾಯಾಳುಗಳ ಆರೈಕೆಗೆ ಇಳಿದರು. 1881ರಲ್ಲಿ ಅಮೆರಿಕನ್ ರೆಡ್ ಕ್ರಾಸ್ ಕಟ್ಟಿದರು. ಚೆನ್ನಾಗಿದೆ. ಆದರೆ ಆಗ ಅವರು ಕೋರ್ಸ್ ಮಾಡಬೇಕಿರಲಿಲ್ಲ, ಪರೀಕ್ಷೆ, ನೋಂದಣಿ ಏನೂ ಇರಲಿಲ್ಲ, ಸಾಕಬೇಕಾದ ಮಕ್ಕಳೂ ಇರಲಿಲ್ಲ. ಇಂಥ ಕಥೆಯಿಂದ ಧೈರ್ಯ ತೆಗೆದುಕೊಳ್ಳಿ, ಯೋಜನೆ ತೆಗೆದುಕೊಳ್ಳಬೇಡಿ.

ಎಲ್ಲರೂ ಕೋರ್ಸಿಗೆ ಹೆದರುತ್ತಾರೆ. ನಾನು ನಿಮ್ಮಂಥವರಿಗೆ ಹೆದರುವುದು ಕೋರ್ಸ್ ಮುಗಿದ ಮೇಲಿನ ಮೊದಲ ವರ್ಷಕ್ಕೆ. ಮಾರ್ಲಿನ್ ಕ್ರೇಮರ್ ಎಂಬ ಅಮೆರಿಕದ ಸಂಶೋಧಕಿ 1974ರಲ್ಲೇ ಇದನ್ನು ವಿವರಿಸಿದ್ದರು. ಹೊಸ ನರ್ಸ್ ಮೊದಲು ಖುಷಿಯಲ್ಲಿರುತ್ತಾಳೆ. ಕಲಿತದ್ದಕ್ಕೂ ವಾರ್ಡ್‌ನಲ್ಲಿ ನಡೆಯುವುದಕ್ಕೂ ಇರುವ ಅಂತರ ಕಂಡಾಗ ಆಘಾತವಾಗುತ್ತದೆ. ಸುಧಾರಿಸಿಕೊಂಡು ತನ್ನ ದಾರಿ ಹುಡುಕಿಕೊಳ್ಳುವುದು ಅದರ ನಂತರ. ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಹೊಸಬರಿಂದ ಪರಿಣಿತರವರೆಗೆ ಐದು ಹಂತ ಗುರುತಿಸಿದರು. ಅವರ ಪ್ರಕಾರ ಒಂದೇ ಬಗೆಯ ವಾರ್ಡ್‌ನಲ್ಲಿ ಎರಡು ಮೂರು ವರ್ಷ ಕಳೆದ ಮೇಲೆ ನರ್ಸ್‌ಗೆ ‘ನಾನು ನಿಭಾಯಿಸಬಲ್ಲೆ’ ಎಂಬ ಹಂತ ಬರುತ್ತದೆ. ಅದು ಐದರಲ್ಲಿ ಮೂರನೆಯದು ಮಾತ್ರ.

ಈಗ ನಿಮ್ಮ ಲೆಕ್ಕ ಹಾಕಿ. ತಯಾರಿಗೆ ಒಂದು ವರ್ಷ, ಕೋರ್ಸಿಗೆ ಮೂರೋ ನಾಲ್ಕೋ, ಆಮೇಲೆ ಎರಡು ಮೂರು. ಧೈರ್ಯದಿಂದ ಶಿಫ್ಟ್ ನಡೆಸುವ ಹೊತ್ತಿಗೆ 48, 49. ಅಲ್ಲಿಂದ ಹತ್ತು ವರ್ಷಕ್ಕೂ ಹೆಚ್ಚು ಕೆಲಸ ಇರುತ್ತದೆ. ನನ್ನ ಮಟ್ಟಿಗೆ ಅದು ಕಡಿಮೆಯಲ್ಲ. ಆದರೆ ಮಧ್ಯದ ಆ ಏಳು ವರ್ಷ ನೀವು ‘ಗೊತ್ತಿಲ್ಲದವರು’ ಆಗಿರಬೇಕು. ಇವತ್ತು ನಿಮ್ಮ ವಿಭಾಗದಲ್ಲಿ ಏನಾದರೂ ತೊಡಕಾದರೆ ಎಲ್ಲರೂ ನಿಮ್ಮ ಮೇಜಿನ ಹತ್ತಿರ ಬರುತ್ತಾರೆ. ನಾಳೆ 26ರ ಇನ್‌ಚಾರ್ಜ್ ಸಿಸ್ಟರ್ ಎಲ್ಲರೆದುರು ‘ಕ್ಯಾತಿಟರ್ ಹೀಗಾ ಹಾಕೋದು?’ ಅನ್ನುತ್ತಾಳೆ. ಅವಳು ಹೇಳುವುದು ಸರಿಯಾಗಿಯೂ ಇರುತ್ತದೆ. ಇದನ್ನು ನುಂಗಿಕೊಂಡವರು ಉಳಿದರು. ‘ನಿನ್ನ ವಯಸ್ಸಿನ ಮಗಳಿದ್ದಾಳೆ ನನಗೆ’ ಎಂದವರು ಉಳಿಯಲಿಲ್ಲ. ಚಿಕ್ಕವರ ಕೈಕೆಳಗೆ ಆಗುತ್ತದಾ ಎಂದು ಕೇಳಿದ್ದಿರಿ. ಮೊದಲ ದಿನದಿಂದಲೇ ಅವರನ್ನು ಬಹುವಚನದಲ್ಲಿ ಮಾತಾಡಿಸಿ, ತಿಳಿಯದ್ದನ್ನು ಎಲ್ಲರೆದುರೇ ಕೇಳಿ. ಮುಕ್ಕಾಲು ಪಾಲು ತೊಂದರೆ ಅಲ್ಲೇ ಕರಗುತ್ತದೆ.

ಬೆನ್ನು ನೋವನ್ನು ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನಾದರೆ ಅದಕ್ಕೆ ಅರ್ಧ ಪುಟ ಕೊಡುತ್ತಿದ್ದೆ. ರೋಗಿಯನ್ನು ಕೈಯಿಂದ ಎತ್ತುವಾಗ ಒಳ್ಳೆಯ ಪರಿಸ್ಥಿತಿಯಲ್ಲೂ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆಯ ತಜ್ಞರು ಹೇಳಿದ್ದಾರೆ. ರೋಗಿಯ ತೂಕವೋ 60, 80 ಕಿಲೋ. ರೋಗಿಯನ್ನು ಸರಿಸುವ ಜಾರುಹಾಳೆ, ಎತ್ತುವ ಯಂತ್ರ (ಹಾಯ್ಸ್ಟ್), ಇನ್ನೊಬ್ಬರ ಕೈ ಇದ್ದರೆ ಸಂಭಾಳಿಸಬಹುದು. ಆದರೆ ಬಹಳ ವಾರ್ಡ್‌ಗಳಲ್ಲಿ ಹಾಯ್ಸ್ಟ್ ಇರುವುದಿಲ್ಲ, ಇದ್ದರೂ ಮೂಲೆಯಲ್ಲಿರುತ್ತದೆ. ಸಾವಿನಂಚಿನಲ್ಲಿರುವವರ ಆರೈಕೆಗೆ, ಅಂದರೆ ಹೋಸ್ಪಿಸ್ ಆರೈಕೆಗೆ, ಇಂದಿನ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದರು. ಬೆನ್ನು ಕೈಕೊಟ್ಟು ನರ್ಸಿಂಗ್ ಬಿಟ್ಟರು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು, 1957ರಲ್ಲಿ ವೈದ್ಯೆಯಾದರು, 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹೋಸ್ಪಿಸ್ ತೆರೆದರು. ಎಲ್ಲರಿಗೂ ಹಾಗೆ ಎರಡನೇ, ಮೂರನೇ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಫೀಸ್ ಕಟ್ಟುವ ಮೊದಲು ಮೂಳೆ ತಜ್ಞರಿಗೆ ಬೆನ್ನು ತೋರಿಸಿ. ‘ದಿನಕ್ಕೆ ಎಂಟು, ಕೆಲವೊಮ್ಮೆ ಹನ್ನೆರಡು ಗಂಟೆ ನಿಂತು, ಬಗ್ಗಿ, ಜನರನ್ನು ಮಗ್ಗುಲು ತಿರುಗಿಸಬೇಕು, ಈ ಬೆನ್ನು ತಡೆಯುತ್ತದಾ?’ ಎಂದು ಇದೇ ಮಾತಲ್ಲಿ ಕೇಳಿ. ಸುಮ್ನೆ ‘ಬೆನ್ನು ನೋವು’ ಅಂದರೆ ಮಾತ್ರೆ ಬರೆದು ಕಳಿಸುತ್ತಾರೆ.

ನೈಟ್ ಡ್ಯೂಟಿ ಇನ್ನೊಂದು. ನಲವತ್ತು ದಾಟಿದ ಮೇಲೆ ಹಗಲು ನಿದ್ದೆ ತುಂಡಾಗುತ್ತದೆ, ಸುಧಾರಿಸಿಕೊಳ್ಳಲು ಜಾಸ್ತಿ ದಿನ ಬೇಕು. ರಾತ್ರಿ ಪಾಳಿಯ ಕೆಲಸವನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಎಂಬ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2007ರಲ್ಲಿ ಸೇರಿಸಿತು, 2019ರಲ್ಲಿ ಮತ್ತೆ ನೋಡಿ ಅದನ್ನೇ ಉಳಿಸಿತು. ಹೆದರಿ ಓಡಿಹೋಗುವಂಥದ್ದಲ್ಲ, ಎಷ್ಟೋ ನರ್ಸ್‌ಗಳು ವರ್ಷಗಟ್ಟಲೆ ಮಾಡುತ್ತಾರೆ. ಆದರೆ ಬಿಪಿ, ಶುಗರ್ ಈಗಾಗಲೇ ಇದ್ದರೆ ವೈದ್ಯರ ಜೊತೆ ಮಾತಾಡಿಕೊಳ್ಳಿ. ಮುಟ್ಟು ನಿಲ್ಲುವ ಹೊತ್ತಿನ ಬಿಸಿ, ಬೆವರು, ನಿದ್ದೆಗೇಡು ನಿಮ್ಮ ಮೊದಲ ನೈಟ್ ಡ್ಯೂಟಿಗಳ ಸಮಯಕ್ಕೇ ಬರಬಹುದು. ಇದನ್ನು ಯಾರೂ ಹೇಳುವುದಿಲ್ಲ.

ಬೇಡಿಕೆಯ ಮಾತಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದರು, 58 ಲಕ್ಷದಷ್ಟು ಕೊರತೆ ಇತ್ತು. ಹಾಗಾದರೆ ಕೆಲಸ ಖಾತ್ರಿ ಅಲ್ವಾ? ಅಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ನರ್ಸ್‌ಗಳಲ್ಲಿ ಶೇ. 78ರಷ್ಟು ಇರುವುದು ಜಗತ್ತಿನ ಅರ್ಧದಷ್ಟು ಜನ ಮಾತ್ರ ವಾಸಿಸುವ ದೇಶಗಳಲ್ಲಿ. ಕೊರತೆ ಎಂದರೆ ರೋಗಿಗಳಿಗೆ ಸಾಕಾಗುವಷ್ಟು ನರ್ಸ್‌ಗಳಿಲ್ಲ ಎಂದು. ನಿಮ್ಮ ಮನೆಗೆ ಹತ್ತಿರ, ಒಳ್ಳೆಯ ಸಂಬಳದ ಹುದ್ದೆ ಖಾಲಿ ಇದೆ ಎಂದಲ್ಲ. ಹುದ್ದೆ ತುಂಬಲು ಯಾರೂ ದುಡ್ಡು ಕೊಡದಿದ್ದರೆ ಕೊರತೆಯೂ ಇರುತ್ತದೆ, ಕೆಲಸವಿಲ್ಲದ ನರ್ಸ್‌ಗಳೂ ಇರುತ್ತಾರೆ. ಹುಡುಗಿಯರು ಸಂಬಳ ಇರುವ ಕಡೆ ಹಾರಿಹೋಗುತ್ತಾರೆ. ಹೈಸ್ಕೂಲ್ ಮಕ್ಕಳಿರುವ ನಿಮಗೆ ಅದು ಅಷ್ಟು ಸುಲಭವಲ್ಲ.

ಕೊರತೆಗೆ ಇನ್ನೊಂದು ಮುಖ ಇದೆ. ಇರುವವರ ಮೇಲೆ ಹೊರೆ. ಲಿಂಡಾ ಐಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನ 2002ರಲ್ಲಿ ಬಂತು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದ ಹಾಗೆಲ್ಲ, ಶಸ್ತ್ರಚಿಕಿತ್ಸೆಗೆ ಬಂದ ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು, ನರ್ಸ್ ಬಳಲಿ ಬೆಂಡಾಗುವ ಸಾಧ್ಯತೆ ಶೇ. 23ರಷ್ಟು ಏರುತ್ತದೆ ಎಂದು ಕಂಡಿತು. ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಸಾಮಾನ್ಯ ವಾರ್ಡ್‌ಗೆ ಒಬ್ಬ ನರ್ಸ್‌ಗೆ ಐದು, ಐಸಿಯುನಲ್ಲಿ ಎರಡು ರೋಗಿ ಎಂದು ಮಿತಿ ಹಾಕಿದೆ. ಹೆಚ್ಚಿನ ಕಡೆ ಅಂಥ ಮಿತಿ ಕಾಗದದಲ್ಲೂ ಇಲ್ಲ. ಮುಂದೆ ಇಂಟರ್ವ್ಯೂಗೆ ಹೋದಾಗ ಸಂಬಳಕ್ಕಿಂತ ಮೊದಲು ‘ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು?’ ಎಂದು ಕೇಳಿ. ಉತ್ತರ ತಡವರಿಸಿದರೆ ಅದೇ ಉತ್ತರ.

ದುಡ್ಡಿನ ಲೆಕ್ಕ ನಿಮಗೆ ನಾನು ಕಲಿಸಬೇಕಾಗಿಲ್ಲ. ಒಂದು ಮಾತು ಮಾತ್ರ: ಜನ ಫೀಸ್ ನೋಡಿ ಹೌಹಾರುತ್ತಾರೆ, ಅದು ಸಾಮಾನ್ಯವಾಗಿ ಸಣ್ಣ ಮೊತ್ತ. ದೊಡ್ಡದು ಮೂರು ನಾಲ್ಕು ವರ್ಷ ಬಾರದೇ ಹೋಗುವ ಸಂಬಳ. ಅದಕ್ಕಿಂತ ಸದ್ದಿಲ್ಲದ್ದು ನಿಂತುಹೋಗುವ ಪಿಂಚಣಿ ಕಂತು, ಸಂಸ್ಥೆಯ ಆರೋಗ್ಯ ವಿಮೆ. ಪೂರ್ಣ ಪಿಂಚಣಿಗೆ ಇಷ್ಟು ವರ್ಷ ಆಗಿರಬೇಕು ಎಂಬ ನಿಯಮ ಇದ್ದು, ನೀವು ಅದಕ್ಕೆ ಎರಡು ಮೂರು ವರ್ಷ ಹತ್ತಿರ ಇದ್ದರೆ ಕಾಯುವುದೇ ಲಾಭ. ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದಾ ಎಂದೂ ವಿಚಾರಿಸಿ. ಇವತ್ತಿನಿಂದ ಆರು ತಿಂಗಳು ನಿಮ್ಮ ಸಂಬಳ ಮುಟ್ಟದೆ ಗಂಡನ ಸಂಬಳದಲ್ಲೇ ಮನೆ ನಡೆಸಿ ನೋಡಿ. ಆಗದಿದ್ದರೆ ಈಗಲೇ ಗೊತ್ತಾಗುತ್ತದೆ. ಆಯಿತೆಂದರೆ ಒಂದು ವರ್ಷದ ಫೀಸ್ ಕೈಯಲ್ಲಿರುತ್ತದೆ.

ಕೋರ್ಸಿನ ಬಗ್ಗೆ ಒಂದೇ ಎಚ್ಚರಿಕೆ. ಮನೆಯಲ್ಲೇ ಕೂತು ನರ್ಸ್ ಆಗಿ ಎನ್ನುವ ಜಾಹೀರಾತು ಕಂಡರೆ ಪುಟ ತಿರುವಿಹಾಕಿ. ಯುರೋಪ್ ಒಕ್ಕೂಟದ ನಿಯಮದಲ್ಲಿ ಕನಿಷ್ಠ ಮೂರು ವರ್ಷ, 4600 ಗಂಟೆ ತರಬೇತಿ ಇರಬೇಕು, ಅದರಲ್ಲಿ ಅರ್ಧವಾದರೂ ರೋಗಿಗಳ ನಡುವೆ. ಬೇರೆ ದೇಶಗಳ ಗಂಟೆಗಳು ಬೇರೆ, ಆದರೆ ವಾರ್ಡ್ ಇಲ್ಲದ ನರ್ಸಿಂಗ್ ಎಲ್ಲೂ ಇಲ್ಲ. ಪದವಿ ಇದ್ದವರಿಗೆ ಒಂದು ಒಂದೂವರೆ ವರ್ಷದ ಚುರುಕು ಕೋರ್ಸ್‌ಗಳು ಕೆಲವು ದೇಶಗಳಲ್ಲಿವೆ. ಬೇಗ ಮುಗಿಯುತ್ತವೆ, ಆದರೆ ಕೈಯಲ್ಲಿ ಮನೆ ಮಕ್ಕಳಿರುವವರನ್ನು ಅರೆದುಬಿಡುತ್ತವೆ. ನೀವು ನೋಂದಾಯಿಸಿಕೊಳ್ಳಬೇಕಾದ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಆ ಕಾಲೇಜು ಇದೆಯಾ, ವಯಸ್ಸಿನ ಮಿತಿ ಇದೆಯಾ, ವಿಜ್ಞಾನ ಓದಿರಲೇಬೇಕಾ ಎಂದು ಕೌನ್ಸಿಲ್‌ನಲ್ಲೇ ನೋಡಿ. ಕಾಲೇಜಿನ ಬಣ್ಣದ ಪುಸ್ತಿಕೆ ನಂಬಬೇಡಿ.

ಹಾಗಾದರೆ ಏನು ಮಾಡಬೇಕು? ನಾನಾಗಿದ್ದರೆ ಕೆಲಸದಲ್ಲಿದ್ದುಕೊಂಡೇ, ವಾರಕ್ಕೊಂದು ದಿನ, ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆಯ ಕೇಂದ್ರದಲ್ಲೋ ವೃದ್ಧರ ಮನೆಯಲ್ಲೋ ಸ್ವಯಂಸೇವೆಗೆ ಸೇರುತ್ತಿದ್ದೆ. ಕನಿಷ್ಠ ನಾಲ್ಕೈದು ತಿಂಗಳು. ಮೊದಲ ತಿಂಗಳ ಉತ್ಸಾಹ ಲೆಕ್ಕಕ್ಕಿಲ್ಲ, ಮೂರನೇ ತಿಂಗಳು ಮಳೆ ಬರುವ ಭಾನುವಾರ ಎದ್ದು ಹೋಗುತ್ತೀರಾ ಎನ್ನುವುದು ಲೆಕ್ಕ. ಪರಿಚಯದ ನರ್ಸ್ ಇದ್ದರೆ, ಆಸ್ಪತ್ರೆ ಒಪ್ಪಿದರೆ, ಒಂದು ಪೂರ್ತಿ ಶಿಫ್ಟ್, ರೋಗಿಗಳನ್ನು ಮುಂದಿನ ಪಾಳಿಗೆ ಒಪ್ಪಿಸುವ ಹ್ಯಾಂಡೋವರ್‌ನಿಂದ ಹ್ಯಾಂಡೋವರ್‌ವರೆಗೆ ಅವರ ಹಿಂದೆ ಇರಿ. ಕೆಲಸದ ನಿಜರೂಪ ಅಲ್ಲಿ ಕಾಣುತ್ತದೆ.

ಅದಾದ ಮೇಲೂ ಆಸೆ ಉಳಿದರೆ ಕೆಲವು ತಿಂಗಳ ನರ್ಸಿಂಗ್ ಸಹಾಯಕರ ತರಬೇತಿ ಒಂದು ದಾರಿ. ಬೇಗ ವಾರ್ಡ್ ಒಳಗೆ ಹೋಗಬಹುದು, ಮೈಗೆ ಒಗ್ಗುತ್ತದಾ ಗೊತ್ತಾಗುತ್ತದೆ. ಅಪಾಯ ಏನೆಂದರೆ ಸಂಬಳ ಬಹಳ ಕಡಿಮೆ, ಭಾರ ಎತ್ತುವ ಕೆಲಸ ಜಾಸ್ತಿ, ಅಲ್ಲಿಂದ ನರ್ಸ್ ಆಗಲು ಮತ್ತೆ ಮೊದಲಿನಿಂದ ಓದಬೇಕಾಗಬಹುದು. ನಿಮ್ಮ ಬೆನ್ನಿಗೆ ಇದು ಬೇಡ ಅನಿಸುತ್ತದೆ. ಇನ್ನೊಂದು ದಾರಿ, ಇರುವ ವಿದ್ಯೆ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗುವುದು: ಬಿಲ್ಲಿಂಗ್, ದಾಖಲೆ ವಿಭಾಗ, ಗುಣಮಟ್ಟ ವಿಭಾಗ. ಅಪಾಯ ಕಡಿಮೆ. ಆದರೆ ರೋಗಿಯ ಪಕ್ಕ ನಿಲ್ಲಬೇಕೆಂಬ ಆಸೆ ಇದ್ದವರಿಗೆ ಗಾಜಿನ ಆಚೆಯಿಂದ ನೋಡಿದ ಹಾಗಾಗಿ ಕೊರಗು ಹೆಚ್ಚುತ್ತದೆ. ಇದನ್ನು ಹಿಡಿದು ಖುಷಿಯಾಗಿರುವವರೂ ಇದ್ದಾರೆ. ಮೂರನೆಯದು ಪೂರ್ತಿ ಕೋರ್ಸ್. ಬೆನ್ನು ಪಾಸಾಗಿ, ಆರು ತಿಂಗಳ ಖರ್ಚಿನ ಪರೀಕ್ಷೆ ದಾಟಿ, ಸ್ವಯಂಸೇವೆ ಬೇಸರ ತರದಿದ್ದರೆ ಇದಕ್ಕೇ ನನ್ನ ಓಟು. ಡಯಾಲಿಸಿಸ್, ಹೊರರೋಗಿ ವಿಭಾಗ, ಸಮುದಾಯ ಆರೋಗ್ಯ, ಸೋಂಕು ನಿಯಂತ್ರಣ ಹೀಗೆ ಭಾರ ಎತ್ತುವುದು ಕಡಿಮೆ ಇರುವ ಜಾಗಗಳು ನರ್ಸ್‌ಗಳಿಗೆ ಇವೆ. ಆದರೆ ಅಲ್ಲಿಗೆ ಹೋಗಲು ಸಾಮಾನ್ಯವಾಗಿ ಒಂದೆರಡು ವರ್ಷ ವಾರ್ಡ್ ಅನುಭವ ಕೇಳುತ್ತಾರೆ.

ನಿಮ್ಮ ಯಜಮಾನರು ‘ಯಾಕೆ’ ಎಂದು ಕೇಳಿದ್ದನ್ನು ಬೇಡ ಅಂದ ಹಾಗೆ ತೆಗೆದುಕೊಳ್ಳಬೇಡಿ. ಅವರಿಗೆ ಸೇವೆಯ ಮಾತು ಹೇಳಿದರೆ ವಾದ ಬೆಳೆಯುತ್ತದೆ. ಆರು ತಿಂಗಳ ಖರ್ಚಿನ ಪಟ್ಟಿ ಮುಂದಿಟ್ಟು, ನೈಟ್ ಡ್ಯೂಟಿಯ ವಾರ ಮಕ್ಕಳನ್ನು ಯಾರು ಎಬ್ಬಿಸುತ್ತಾರೆ ಎಂದು ಕೇಳಿ. ಹದಿನಾಲ್ಕರ ಮಗುವಿನ ದೊಡ್ಡ ಪರೀಕ್ಷೆ ನಿಮ್ಮ ಕೋರ್ಸಿನ ಯಾವ ವರ್ಷಕ್ಕೆ ಬರುತ್ತದೆ ಎಂದೂ ಇಬ್ಬರೂ ಕೂತು ನೋಡಿ. ಒಂದು ವರ್ಷ ಮುಂದೆ ಹಾಕುವುದರಿಂದ ಎಲ್ಲರಿಗೂ ಸಲೀಸಾಗುವುದಾದರೆ ಹಾಕಿ. 41ಕ್ಕೂ 42ಕ್ಕೂ ನರ್ಸಿಂಗ್‌ನಲ್ಲಿ ವ್ಯತ್ಯಾಸವಿಲ್ಲ.

ಈ ವಾರವೇ ಶುರು ಮಾಡಬಹುದಾದ್ದು ಎರಡಿವೆ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಮೊದಲ ಡೋಸ್ ತೆಗೆದುಕೊಳ್ಳಿ. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಮುಗಿದು ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ, ಲಸಿಕೆ ಹಿಡಿದಿದೆಯಾ ನೋಡಿಕೊಳ್ಳಬೇಕು. ಸೂಜಿ ಚುಚ್ಚಿಕೊಳ್ಳುವ ಅಪಾಯ ಎಲ್ಲಕ್ಕಿಂತ ಜಾಸ್ತಿ ಹೊಸಬರಿಗೇ. ಹಾಗೆಯೇ ಕಣ್ಣು ಪರೀಕ್ಷೆ. ಇಂಜೆಕ್ಷನ್ ಸೀಸೆಯ ಮೇಲಿನ ಅಕ್ಷರ ಎಷ್ಟು ಸಣ್ಣದು ಎಂದು ನಿಮಗಿನ್ನೂ ಗೊತ್ತಿಲ್ಲ.